ಹೇಳಿ ಹೋಗುವುದು

ಜೂನ್ 9, ಸೋಮವಾರ. ಸಂಜೆ 6

ಇವತ್ತೂ ಕೈ ತೊಳೆಯುವುದೇ. ಎರಡನೇ ವಾರ ಶುರುವಾಯಿತು, ಇನ್ನೂ ನಲ್ಲಿ ಬಿಟ್ಟು ಮುಂದೆ ಹೋಗಿಲ್ಲ. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರು, ಮಣಿಕಟ್ಟು. ನಲವತ್ತು ಸೆಕೆಂಡ್. ಮುಗಿದ ಮೇಲೆ ನಲ್ಲಿಯನ್ನು ಮೊಣಕೈಯಿಂದ ನಿಲ್ಲಿಸಬೇಕು. ತೊಳೆದ ಕೈಯಲ್ಲಿ ಮುಟ್ಟಿದರೆ ಮತ್ತೆ ಮೊದಲಿಂದ.

ನಾಲ್ಕು ಸಲ ಮೊದಲಿಂದ ತೊಳೆದೆ.

ಉಮಾಮಹೇಶ್ವರಿ ಮೇಡಂ ನನ್ನ ಅಂಗೈ ತಿರುಗಿಸಿ ನೋಡಿದರು. ಮೂವತ್ತೈದು ವರ್ಷ ಸ್ಟಾಫ್ ನರ್ಸ್ ಆಗಿದ್ದವರು, ರಿಟೈರಾದ ಮೇಲೆ ತುಮಕೂರಿನಲ್ಲಿ ನಮ್ಮಂಥವರಿಗೆ ರೋಗಿಗಳ ಆರೈಕೆ ಕಲಿಸುತ್ತಿದ್ದಾರೆ.

"ಏನಮ್ಮಾ ಸ್ವರ್ಣಲತಾ, ಕುಡುಗೋಲು ಹಿಡಿದ ಕೈಯಾ?"

ಹೌದು ಅಂದೆ.

"ಒಳ್ಳೇದಾಯ್ತು. ಎತ್ತೋ ಶಕ್ತಿ ಇದೆ. ಮೆತ್ತಗೆ ಎತ್ತೋದು ನಾನು ಹೇಳ್ಕೊಡ್ತೀನಿ."

ಕ್ಯಾತ್ಸಂದ್ರದ ರೂಮಿಗೆ ಬರುವಾಗ ಬಸ್ಸಿನಲ್ಲಿ ಕಾವ್ಯ ಇಡೀ ದಾರಿ ಗೊಣಗಿದಳು. ನನ್ನ ರೂಮ್‌ಮೇಟ್. ಹತ್ತೊಂಬತ್ತು ವರ್ಷ, ಹುಲಿಯೂರುದುರ್ಗದವಳು. "ಅಕ್ಕ, ಮೂರು ತಿಂಗ್ಳು ಕೈ ತೊಳ್ದು ಸರ್ಟಿಫಿಕೇಟ್ ತಗೊಂಡೋದ್ರೆ ನಮ್ಮಪ್ಪ ಏನಂತಾನೆ ಗೊತ್ತಾ? ಮನೇಲಿ ನೀರಿರ್ಲಿಲ್ವೇನೇ ಅಂತಾನೆ."

ನಗು ಬಂತು. ತುಂಬ ದಿನವಾಗಿತ್ತು.

ಈ ನೋಟ್‌ಬುಕ್ಕಿನ ಮೊದಲ ಅರ್ಧ ಅವ್ವನದು. ಮಾತ್ರೆ ಕೊಟ್ಟ ಟೈಮು, ಮಗ್ಗುಲು ಬದಲಿಸಿದ ಟೈಮು. ಶಿವರಾತ್ರಿ ಕಳೆದು ಐದನೇ ದಿನಕ್ಕೆ ನಿಂತಿದೆ. ಮಿಕ್ಕ ಹಾಳೆ ಖಾಲಿ ಇತ್ತು, ಬಿಸಾಡಲು ಮನಸ್ಸಾಗಲಿಲ್ಲ. ತಿರುವಿ ಹಿಡಿದು ಹಿಂದಿನಿಂದ ಬರೆಯುತ್ತಿದ್ದೇನೆ.


ಜೂನ್ 13, ಶುಕ್ರವಾರ

ಕೊನೆಗೂ ನಲ್ಲಿ ಬಿಟ್ಟೆವು. ಹಾಸಿಗೆ ಹಾಸುವುದು.

ಸ್ಕಿಲ್ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮಂಚದ ಮೇಲೆ ಬೊಂಬೆ ಮಲಗಿದೆ. ಆಳೆತ್ತರ. ರಬ್ಬರ್ ಚರ್ಮ, ತಲೆಯಲ್ಲಿ ಕೂದಲಿಲ್ಲ, ಕಣ್ಣು ಸದಾ ಬಿಟ್ಟೇ ಇರುತ್ತದೆ. ಕಾವ್ಯ ಅದಕ್ಕೆ ಅಡವಿಯಪ್ಪ ಅಂತ ಹೆಸರಿಟ್ಟಳು. "ನಮ್ ಬೀದೀಲಿ ಒಬ್ಬವ್ನೆ ಹಿಂಗೇ. ಜಗಲಿ ಮೇಲೆ ಮಲ್ಗಿರ್ತಾನೆ. ಎಷ್ಟ್ ಕೂಗಿದ್ರೂ ಓ ಅನ್ನಲ್ಲ."

ಪೇಷೆಂಟ್ ಮೇಲಿರುವಾಗಲೇ ಬೆಡ್‌ಶೀಟ್ ಬದಲಿಸಬೇಕು. ಅದಕ್ಕೆ ಮೊದಲು ಏನು ಮಾಡುತ್ತೇವೆಂದು ಅವರಿಗೆ ಹೇಳಬೇಕು. "ಅವ್ರಿಗೆ ಕೇಳ್ಸುತ್ತೋ ಇಲ್ವೋ ಅದು ನಿಮ್ಗೆ ಬೇಡ. ಹೇಳಿ ಮುಟ್ಟಿ" ಅಂದರು ಮೇಡಂ. ಒಬ್ಬೊಬ್ಬರೇ ಹೇಳಿದರು. ಕಾವ್ಯ, "ಅಡವಿಯಪ್ಪ ಮಾವ, ಒಸಿ ಆ ಕಡೆ ಜರುಗು, ನಿನ್ ಬೆಡ್‌ಶೀಟ್ ನಾತ ಹೊಡೀತದೆ" ಅಂದಳು. ಮೇಡಮ್ಮೇ ನಕ್ಕರು.

ನನ್ನ ಸರದಿ ಬಂತು. ಒಂದು ಸುಕ್ಕಿಲ್ಲದೆ ಹಾಸಿದೆ. ಬಾಯಿ ಮಾತ್ರ ತೆರೆಯಲಿಲ್ಲ.

"ಕೈ ಚೆನ್ನಾಗಿ ತಂದಿದ್ದೀಯ. ಬಾಯಿ ಊರಲ್ಲೇ ಬಿಟ್ಟು ಬಂದ್ಯಾ?"

ಲಕ್ವ ಹೊಡೆದು ಹತ್ತೊಂಬತ್ತು ತಿಂಗಳು ಅವ್ವ ಮಾತಿಲ್ಲದೆ ಮಲಗಿದ್ದಳು. ಮೊದಮೊದಲು ನಾನೊಬ್ಬಳೇ ಮಾತಾಡುತ್ತಿದ್ದೆ. ಆಮೇಲೆ ಅದೂ ನಿಂತಿತು. ಯಾವಾಗ ನಿಂತಿತು ಅಂತ ಗೊತ್ತಿಲ್ಲ.


ಜೂನ್ 20, ಶುಕ್ರವಾರ

ಇವತ್ತು ಖುಷಿ. ಬರೆದಿಡಬೇಕು.

ಮಗ್ಗುಲು ಬದಲಿಸುವ ಪಾಠ. ಎರಡು ಗಂಟೆಗೊಮ್ಮೆ. ಎಳೆಯಬಾರದು, ಚರ್ಮ ಉಜ್ಜುತ್ತದೆ. ಕೆಳಗೆ ಹಾಸಿದ ಅಡ್ಡ ಬಟ್ಟೆ ಹಿಡಿದು ಹೊರಳಿಸಬೇಕು. ಮಂಡಿಗಳ ನಡುವೆ ದಿಂಬು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಮೇಡಂ ಮಾಡಿ ತೋರಿಸುವ ಮೊದಲು, ಯಾರಿಗಾದರೂ ಗೊತ್ತಾ ಅಂತ ಕೇಳಿದರು. ಮುಂದೆ ಹೋದೆ. ಮಾಡಿದೆ. ಅಡವಿಯಪ್ಪ ಅವ್ವನಿಗಿಂತ ಭಾರ.

ಮೇಡಂ ಸುಮ್ಮನೆ ನಿಂತು ನೋಡಿದರು. "ಯಾರು ಕಲ್ಸಿದ್ದು?"

ಯಾರೂ ಇಲ್ಲ. ಹತ್ತೊಂಬತ್ತು ತಿಂಗಳು ಮನೆಯಲ್ಲಿ ಅವ್ವನ ಕೆಳಗೆ ಹಳೇ ಪಂಚೆ ಮಡಿಸಿ ಹಾಕುತ್ತಿದ್ದೆ. ಎಳೆದರೆ ಅವ್ವನ ಮುಖ ಕಿವುಚುತ್ತಿತ್ತು, ಅದಕ್ಕೇ ಹೊರಳಿಸುವುದು ಕಲಿತೆ. ಇಷ್ಟನ್ನೂ ಹೇಳಿದೆ. ಇಲ್ಲಿಗೆ ಬಂದಾಗಿನಿಂದ ನಾನಾಡಿದ ಅತಿ ಉದ್ದದ ಮಾತು.

"ಬೆನ್ನಲ್ಲಿ ಹುಣ್ಣು ಆಗಿತ್ತಾ?"

"ಇಲ್ಲ ಮೇಡಂ. ಒಂದೂ ಇಲ್ಲ."

"ಹತ್ತೊಂಬತ್ತು ತಿಂಗ್ಳು? ಮನೇಲಿ? ಒಂದೂ ಇಲ್ವಾ?" ಹುಡುಗಿಯರ ಕಡೆ ತಿರುಗಿದರು. "ದೊಡ್ಡ ದೊಡ್ಡ ಆಸ್ಪತ್ರೇಲಿ ಆಗಲ್ಲ ಕಣ್ರೇ ಇದು. ಚಪ್ಪಾಳೆ ತಟ್ಟಿ."

ತಟ್ಟಿದರು. ಎಲ್ಲಿ ನೋಡಬೇಕೋ ತಿಳಿಯದೆ ಅಡವಿಯಪ್ಪನ ದಿಂಬು ಸರಿ ಮಾಡಿದೆ.


ಜೂನ್ 29, ಭಾನುವಾರ. ಬೆಳಿಗ್ಗೆ

ಬಟ್ಟೆ ಒಗೆದು ಒಣಹಾಕಿದೆ. ಕಾವ್ಯ ಇನ್ನೂ ಮಲಗಿದ್ದಾಳೆ. ಬೆಳಗಿನ ಜಾವ ಮಠದ ಕಡೆಯಿಂದ ಹುಡುಗರ ಪ್ರಾರ್ಥನೆ ಕೇಳಿಸಿತು. ಕೇಳುತ್ತ ಮಲಗಿದ್ದೆ. ಎದ್ದು ಹಸುವಿಗೆ ಹುಲ್ಲು ಹಾಕಬೇಕಿಲ್ಲ, ಇನ್ನೂ ಅಭ್ಯಾಸವಾಗಿಲ್ಲ.

ಕಾಂತೇಶ ಫೋನ್ ಮಾಡಿದ್ದ. ತಮ್ಮ. ನಾನು ಮದುವೆ ಮಾಡಿಕೊಳ್ಳಲಿಲ್ಲವಾದ್ದರಿಂದ ಅವನ ಮನೆಯೇ ನನ್ನ ಮನೆ, ಸಿ.ಎಸ್. ಪುರದಲ್ಲಿ.

"ಅಕ್ಕ, ಊಟ ತಿಂಡಿ ಸರ್ಯಾಗೈತಾ?"

"ಹೂಂ ಕಣೋ."

"ಬೇಜಾರಾದ್ರೆ ಬಂದ್ಬುಡು. ಯಾರೂ ಏನೂ ಅನ್ನಲ್ಲ."

ಹಿಂದಿನಿಂದ ಅವನ ಹೆಂಡತಿ ಸುಶ್ಮಿತಾ ಕೂಗಿದ್ದು ಕೇಳಿಸಿತು. "ಬಂದ್ಬುಡು ಅಂತೆಲ್ಲ ಹೇಳ್ಬೇಡ್ರೀ! ಓದೋಕೆ ಹೋಗವ್ರೆ!" ಫಾರಂ ತರಿಸಿ ತುಂಬಿ, ನನ್ನ ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡ್ ಟ್ರಂಕಿನ ತಳದಿಂದ ತೆಗೆದವಳು ಅವಳೇ.

ಕಾವ್ಯ ಎದ್ದ ಮೇಲೆ ತಟ್ಟೆ ಇಡ್ಲಿ ತಿನ್ನಲು ಹೋಗಬೇಕು. ಎರಡು ತಿಂದು ಮೂರನೆಯದನ್ನು ನನ್ನ ತಟ್ಟೆಯಿಂದ ಕೀಳುತ್ತಾಳೆ. ಗೊತ್ತಿದ್ದೇ ಮೂರು ಹೇಳುತ್ತೇನೆ.


ಜುಲೈ 3, ಗುರುವಾರ

ನಾಡಿ ನೋಡುವುದು. ಮೂರು ಬೆರಳು, ಮಣಿಕಟ್ಟಿನ ಮೇಲೆ. ಹೆಬ್ಬೆರಳು ಇಡಬಾರದು. ಹೆಬ್ಬೆರಳಿಗೆ ತನ್ನದೇ ಬಡಿತ ಜೋರಾಗಿರುತ್ತದೆಯಂತೆ, ಪೇಷೆಂಟಿನದೇ ಅಂದುಕೊಂಡು ಅದನ್ನು ಎಣಿಸಿಬಿಡುತ್ತೇವೆ.

ಅವತ್ತು ಅವ್ವನ ಕೈಯನ್ನು ಹೆಬ್ಬೆರಳಲ್ಲೇ ಒತ್ತಿ ಹಿಡಿದೆ. ನಾಡಿ ಸಿಕ್ಕಿತು. ಜೋರಾಗಿತ್ತು. ಐತೆ ಕಣೋ, ಐತೆ, ಓಡಿ ಬಾರೋ ಅಂತ ಕಾಂತೇಶನನ್ನು ಕೂಗಿದೆ. ಕಾರು ತಂದ. ಗುಬ್ಬಿಯವರೆಗೂ ಹಿಡಿದುಕೊಂಡೇ ಇದ್ದೆ, ಬಿಡಲಿಲ್ಲ. ಡಾಕ್ಟರು ನೋಡಿ, ಆಗಲೇ ಹೋಗಿ ಒಂದು ಗಂಟೆಯಾಗಿದೆ ಅಂದರು. ಅವರ ಮೇಲೆ ಸಿಟ್ಟು ಬಂದಿತ್ತು. ಇಷ್ಟು ದಿನವೂ ಇತ್ತು.

ಬಡಿದದ್ದು ನನ್ನದು.

ಕಾವ್ಯನ ನಾಡಿ 82. ನನ್ನದು 96 ಅಂದಳು. "ಏನಕ್ಕ, ಕೂತಲ್ಲೇ ಓಡ್ತಾ ಇದೀಯಾ?"


ಜುಲೈ 8, ಮಂಗಳವಾರ

ಚೆಕ್‌ಲಿಸ್ಟ್ ಕೊಟ್ಟರು. ಪ್ರತಿ ಕೆಲಸಕ್ಕೂ ಹತ್ತು ಹೆಜ್ಜೆ. ಸ್ಪಂಜ್ ಬಾತ್, ಊಟ ಮಾಡಿಸುವುದು, ವೀಲ್‌ಚೇರಿಗೆ ಕೂರಿಸುವುದು, ಯಾವುದೇ ಆಗಲಿ, ಹತ್ತನೆಯದು ಒಂದೇ. ಪೇಷೆಂಟ್‌ಗೆ ಹೇಳಿ ಹೋಗುವುದು. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್. ಕಾಲಿಂಗ್ ಬೆಲ್ ಕೈಗೆ ಸಿಗುವಂತೆ ಇಡುವುದು.

ಹನ್ನೆರಡು ಜನರಲ್ಲಿ ಒಂಬತ್ತು ಜನ ಅದನ್ನು ಬಿಟ್ಟರು. ಕೆಲಸ ಮುಗಿಯಿತು, ಮೆಲ್ಲಗೆ ಹಿಂದಕ್ಕೆ ಸರಿದು ಹೊರಟರು. ನಾನೂ.

"ಯಾಕ್ರೇ, ಕಳ್ಳರ ಥರ ಹೋಗ್ತೀರಲ್ಲ?" ಅಂದರು ಮೇಡಂ.

ಕಾವ್ಯ ಹೇಳಿದಳು: "ನಮ್ಮಜ್ಜಿಗೆ ಹೇಳಿದ್ರೆ ಕೈ ಬಿಡಲ್ಲ ಮೇಡಂ. ಅದಕ್ಕೇ ಟಿ.ವಿ. ಹಾಕ್ಬಿಟ್ಟು ಹಂಗೇ ಜಾರ್ಕೊಳ್ತೀವಿ."

"ಎಲ್ಲ ಮನೇಲೂ ಇದೇ. ಮಗು ಅಳುತ್ತೆ ಅಂತ ಕಣ್ಣು ತಪ್ಸಿ ಹೋಗೋದು ರೂಢಿ. ಮುದುಕ್ರಿಗೂ ಅದನ್ನೇ ಮಾಡ್ತೀವಿ. ಪಾಪ, ಪ್ರೀತಿಯಿಂದಾನೇ ಮಾಡೋದು. ಆಮೇಲೆ ಅವ್ರು ನಿಮ್ಮನ್ನ ಹುಡುಕ್ಕೊಂಡು ಮಂಚ ಇಳೀತಾರೆ. ಸೊಂಟ ಮುರ್ಕೊಂಡು ಎಷ್ಟು ಜನ ಬಂದಿದ್ದಾರೆ ನನ್ ವಾರ್ಡಿಗೆ, ಕೇಳಿ. ಯಾಕಜ್ಜಿ ಎದ್ದೆ ಅಂದ್ರೆ, ಮಗಳು ಎಲ್ಲಿ ಹೋದ್ಳೋ ಅಂತ ನೋಡೋಕೆ ಅಂತಾರೆ."

ಆಮೇಲೆ ಬೋರ್ಡಿನ ಮೇಲೆ ಬರೆದರು. ಪ್ರಾಕ್ಟಿಕಲ್ ದಿನ ಹತ್ತನೇ ಹೆಜ್ಜೆ ಬಿಟ್ಟರೆ ಒಂಬತ್ತೂ ಸರಿಯಿದ್ದರೂ ಫೇಲ್.


ಜುಲೈ 9, ಬುಧವಾರ. ಬೆಳಿಗ್ಗೆ 5.40

ಕಾವ್ಯ ಏಳುವ ಮೊದಲು ಬರೆದುಬಿಡಬೇಕು.

ಅವ್ವನ ಎಡಗೈ ಆಡುತ್ತಿತ್ತು. ಸೆರಗು ಹಿಡಿಯುತ್ತಿದ್ದಳು. ಡೈರಿಗೆ ಹಾಲು ಹಾಕಿ ಬರುತ್ತೇನೆ ಅಂದರೆ ಬಿಡುತ್ತಿರಲಿಲ್ಲ. ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕು. ಆಗ ಅಳುವಳು. ಮಾತು ಹೋಗಿತ್ತು, ಅಳು ಹೋಗಿರಲಿಲ್ಲ. ಅದಕ್ಕೇ ಹೇಳುವುದು ಬಿಟ್ಟೆ. ಗೋಡೆ ಕಡೆಗೆ ಮಗ್ಗುಲು ಮಾಡಿ ಮಲಗಿಸಿ, ಕ್ಯಾನಿನ ಹಿಡಿಗೆ ಬಟ್ಟೆ ಸುತ್ತಿ, ಸದ್ದಾಗದಂತೆ ಹೋಗುತ್ತಿದ್ದೆ. ದಿನವೂ ಇಪ್ಪತ್ತು ನಿಮಿಷ.

ಆ ದಿನವೂ ಹಾಗೇ. ಡೈರಿಯಲ್ಲಿ ಮೂರು ಜನ ಮುಂದಿದ್ದರು, ಮಾತಾಡುತ್ತ ನಿಂತೆ. ವಾಪಸ್ ಬಂದಾಗ ಅವ್ವನ ಮುಖ ಬಾಗಿಲ ಕಡೆಗಿತ್ತು.

ಗೋಡೆ ಕಡೆಗೆ ಮಲಗಿಸಿ ಹೋಗಿದ್ದೆ. ಹತ್ತೊಂಬತ್ತು ತಿಂಗಳಲ್ಲಿ ಒಂದು ಸಲವೂ ತಾನಾಗಿ ಹೊರಳಿದವಳಲ್ಲ.

ಮಣ್ಣಿಗೆ ಬಂದ ಚಿಕ್ಕಮ್ಮ ಕೇಳಿದಳು, "ಹೇಳಿ ಹೋಗಿದ್ಯೇನವ್ವ?" ಹೂಂ ಅಂದೆ. ಕಾಂತೇಶನಿಗೂ ಅದನ್ನೇ ಹೇಳಿದೆ. ಸುಶ್ಮಿತಾಳಿಗೂ.

ಕಾವ್ಯ ಎದ್ದಳು.


ಜುಲೈ 25, ಶುಕ್ರವಾರ

ಬರೆಯಲಿಲ್ಲ ಇಷ್ಟು ದಿನ. ಕಲಿತದ್ದು ಮಾತ್ರ ಬಹಳ. ಬಿ.ಪಿ. ನೋಡಲು ಬಂತು. ಆಕ್ಸಿಜನ್ ಸಿಲಿಂಡರ್ ಬದಲಿಸಲು ಬಂತು. ತುತ್ತು ನುಂಗುವವರೆಗೂ ಕಾದು ಮುಂದಿನ ತುತ್ತು ಕೊಡಬೇಕು ಅನ್ನುವುದು ಮೊದಲೇ ಗೊತ್ತಿತ್ತು.

ಇವತ್ತು ಮಾಕ್ ಟೆಸ್ಟ್. ಆರು ಸ್ಟೇಷನ್, ಒಂದೊಂದರಲ್ಲಿ ಒಂದೊಂದು ಕೆಲಸ. ಆರರಲ್ಲೂ ಒಂಬತ್ತು ಹೆಜ್ಜೆ ಸರಿ. ಆರರಲ್ಲೂ ಹತ್ತನೆಯದು ಇಲ್ಲ. ಮರೆತಿರಲಿಲ್ಲ. ಬೆಲ್ಲು ಕೈ ಹತ್ತಿರ ಇಟ್ಟೆ, ಬಾಯಿ ತೆರೆದೆ. ಮುಚ್ಚಿಕೊಂಡು ಹೊರಗೆ ಬಂದೆ.

ಎಲ್ಲರೂ ಹೋದ ಮೇಲೆ ಮೇಡಂ ಕೂರಿಸಿಕೊಂಡರು. "ನೋಡು, ಕುಣಿಗಲ್‌ನ ನರ್ಸಿಂಗ್ ಹೋಮ್‌ನೋರು ನಾಲ್ಕು ಜನ ಬೇಕು ಅಂತ ಕೇಳಿದ್ದಾರೆ. ಫಸ್ಟ್ ಹೆಸರು ನಿಂದೇ ಬರ್ದಿದ್ದೀನಿ. ಆದ್ರೆ ಆಗಸ್ಟ್ ಇಪ್ಪತ್ತೆರಡಕ್ಕೆ ಪರೀಕ್ಷೆ ಮಾಡೋಕೆ ಹೊರಗಿನೋರು ಬರ್ತಾರೆ. ಬಾಯಿ ಬಿಡ್ದೆ ಇದ್ರೆ ನಾನೇನೂ ಮಾಡೋಕಾಗಲ್ಲ."

"ಹೂಂ ಮೇಡಂ."

"ಯಾವ ಮಾತು ಅಡ್ಡ ಬರ್ತಿದೆ ನಿಂಗೆ?"

ಕೇಳಿ ನನ್ನ ಮುಖ ನೋಡಿದರು. ಚೆಕ್‌ಲಿಸ್ಟ್ ಮಡಿಸಿಕೊಂಡು ಎದ್ದೆ. ಅವರೂ ಒತ್ತಾಯ ಮಾಡಲಿಲ್ಲ.

ಈ ಕೆಲಸ ನನಗೆ ಬೇಕು. ಬರೆದು ನೋಡಿದಾಗ ಗೊತ್ತಾಯಿತು. ಇಷ್ಟೊಂದು ಬೇಕು ಅಂತ ಗೊತ್ತಿರಲಿಲ್ಲ.


ಆಗಸ್ಟ್ 4, ಸೋಮವಾರ. ಸಂಜೆ

ವಾರ್ಡ್ ಡ್ಯೂಟಿ ಶುರು. ತುಮಕೂರಲ್ಲೇ ಒಂದು ನರ್ಸಿಂಗ್ ಹೋಮ್, ಎರಡು ವಾರ. ನನಗೂ ಕಾವ್ಯನಿಗೂ ಎರಡನೇ ಮಹಡಿ.

ಒಂಬತ್ತನೇ ಬೆಡ್ಡು ಏಕಾಂತಯ್ಯ. ಎಪ್ಪತ್ನಾಲ್ಕು. ಸೊಂಟದ ಆಪರೇಷನ್ ಆಗಿದೆ. ಮೂವತ್ತೊಂದು ವರ್ಷ ಸರ್ಕಾರಿ ಬಸ್ ಕಂಡಕ್ಟರ್. "ಯಾವೂರು ತಾಯಿ?" ಅಂದರು. ಸಿ.ಎಸ್. ಪುರ ಅಂದೆ. "ಓ! ಲಾಸ್ಟ್ ಸ್ಟಾಪು. ಹತ್ನಿಮಿಷ ನಿಲ್ಸಿ ಟೀ ಕುಡೀತಿದ್ವಿ. ಟೀ ಮಾತ್ರ ಕಲಗಚ್ಚು."

ನಿಜ. ಈಗಲೂ ಹಾಗೇ ಇದೆ.

ಸ್ಪಂಜ್ ಬಾತ್ ಮಾಡಿಸಬೇಕಿತ್ತು. ಚೆಕ್‌ಲಿಸ್ಟ್ ಪ್ರಕಾರ ಮೈಮೇಲಿನ ಒಡವೆ ತೆಗೆದಿಡಬೇಕು. ಅವರ ಕೊರಳಲ್ಲಿ ಬೆಳ್ಳಿ ಕರಡಿಗೆ. ಕಾವ್ಯ ದಾರಕ್ಕೆ ಕೈ ಹಾಕಿ ತಲೆ ಮೇಲಿಂದ ಎತ್ತಲು ಹೋದಳು. ಮುದುಕರು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಮುಖವೇ ಬೇರೆಯಾಯಿತು.

"ಬಿಡೇ ಕಾವ್ಯ" ಅಂದೆ. "ಒಳಗೆ ಲಿಂಗ ಇದೆ. ಮೈಮೇಲಿಂದ ತೆಗೆಯಲ್ಲ."

ಅವ್ವನಿಗೆ ಮಾಡುತ್ತಿದ್ದ ಹಾಗೇ ಮಾಡಿದೆ. ಕರಡಿಗೆಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಅವರ ಕೈಗೇ ಕೊಟ್ಟೆ, ದಾರ ಕೊರಳಲ್ಲೇ ಇರಲಿ ಅಂದೆ. ಎದೆ ಒರೆಸಿ, ದಾರ ಒಣಗಿಸಿ, ಮತ್ತೆ ಜಾಗಕ್ಕೆ ತಂದೆ. ಹಣೆಗೆ ವಿಭೂತಿ ಕೇಳಿದರು, ಹಚ್ಚಿದೆ. ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಂಡರು, ಅವ್ವನ ಹಾಗೇ.

ಕಾವ್ಯ ಹೊರಗೆ ಬಂದು, "ನಂಗೆ ಗೊತ್ತಿರ್ಲಿಲ್ಲ ಅಕ್ಕ. ತಾಯತ ಅಂದ್ಕೊಂಡೆ" ಅಂದಳು. ಆಮೇಲೆ ಒಳಗೆ ಹೋಗಿ, "ತಪ್ಪಾಯ್ತು ತಾತ" ಅಂದು ಬಂದಳು. ಒಳ್ಳೆಯ ಹುಡುಗಿ.


ಆಗಸ್ಟ್ 7, ಗುರುವಾರ

ತಪ್ಪು ನನ್ನದು. ಪೂರ್ತಿ ನನ್ನದು.

ಮಧ್ಯಾಹ್ನ ಊಟ ಮಾಡಿಸಿ, ಏಕಾಂತಯ್ಯನವರನ್ನು ಗೋಡೆ ಕಡೆಗೆ ಮಗ್ಗುಲು ಮಾಡಿ ಮಲಗಿಸಿದೆ. ಕಣ್ಣು ಮುಚ್ಚಿದ್ದರು. ಸದ್ದಾಗದಂತೆ ಹೊರಗೆ ಬಂದೆ. ಒಗೆದ ಬೆಡ್‌ಶೀಟ್ ತರಲು ಕೆಳಗೆ ಹೋದೆ, ಅಲ್ಲಿ ಲೇಟಾಯಿತು. ಬೆಲ್ಲು ಮಂಚದ ಆ ಕಡೆ ಉಳಿದಿತ್ತು, ಅದನ್ನೂ ನೋಡಲಿಲ್ಲ.

ಮೇಲೆ ಬಂದರೆ ಗಲಾಟೆ. ಅವರಿಗೆ ಮೂತ್ರಕ್ಕೆ ಅವಸರವಾಗಿದೆ. ನಾನು ಎಲ್ಲಿದ್ದೇನೋ, ಬರುತ್ತೇನೋ ಇಲ್ಲವೋ ಗೊತ್ತಿಲ್ಲ. ಮಂಚದ ಕಂಬಿ ಹಿಡಿದು ಎದ್ದು ಒಂದು ಕಾಲು ಈಚೆ ಹಾಕಿದ್ದಾರೆ. ನೀರಿನ ಜಗ್ಗು ಬಿದ್ದ ಸದ್ದಿಗೆ ಡ್ಯೂಟಿ ಸಿಸ್ಟರ್ ಓಡಿ ಬಂದು ಹಿಡಿದರು. ಅರ್ಧ ನಿಮಿಷ ತಡವಾಗಿದ್ದರೆ ಹೊಸ ಸೊಂಟವೂ ಹೋಗುತ್ತಿತ್ತು.

ಸಿಸ್ಟರ್ ಬೈದರು. ಬೈಯಬೇಕಾದ್ದೇ.

ಎಲ್ಲ ಸರಿ ಮಾಡಿ ಮಂಚದ ಪಕ್ಕ ನಿಂತೆ. ಅವರೇ ಮಾತಾಡಿದರು.

"ಏನ್ ತಾಯಿ, ರೈಟ್ ಅನ್ದೇ ಬಸ್ ಬಿಟ್ಟೆಯಲ್ಲ."

ನೋಡಿದೆ.

"ಮೂವತ್ತೊಂದು ವರ್ಷ. ರೈಟ್ ಅನ್ದೇ ಒಂದು ದಿನ ಗಾಡಿ ಬಿಡಿಸ್ಲಿಲ್ಲ. ಮೆಟ್ಲು ಮೇಲೆ ಕಾಲಿಟ್ಟೋನು ಇರ್ತಾನಲ್ಲ, ಅವ್ನಿಗೆ ತಿಳೀಬೇಕು. ತಿಳಿದ್ರೆ ಕಂಬಿ ಹಿಡ್ಕೊಳ್ತಾನೆ. ಇಲ್ಲಾಂದ್ರೆ ಬೀಳ್ತಾನೆ. ಅಷ್ಟೇಯ."

"ನೀವು ಮಲಗಿದ್ರಿ..."

"ಎಲ್ಲಿ ಮಲಗಿದ್ದೆ? ನೀನು ಬೆಕ್ಕಿನ ಥರ ಹೋಗಿದ್ದು ಕತ್ತು ತಿರುಗ್ಸಿ ನೋಡ್ತಾನೇ ಇದ್ದೆ."

ಅವ್ವನೂ ನೋಡುತ್ತಲೇ ಇದ್ದಳೇನೋ. ದಿನವೂ.


ಆಗಸ್ಟ್ 8, ಶುಕ್ರವಾರ. ಮಧ್ಯಾಹ್ನ 3

ವರಮಹಾಲಕ್ಷ್ಮಿ. ನಮಗೆ ರಜೆ. ಕಾವ್ಯ ಬೆಳಿಗ್ಗೆಯೇ ಸೀರೆ ಉಟ್ಟು ಪರಿಚಯದವರ ಮನೆಗೆ ಹೋದಳು. ನಾನು ಮೇಡಂ ಮನೆಗೆ ಹೋಗಿ ಲ್ಯಾಬಿನ ಕೀ ಕೇಳಿದೆ. ಯಾಕೆ ಅನ್ನಲಿಲ್ಲ. ಅರಿಸಿನ ಕುಂಕುಮ ಕೊಟ್ಟು ಕೀ ಕೊಟ್ಟರು.

ಅಡವಿಯಪ್ಪ ಒಬ್ಬನೇ ಮಲಗಿದ್ದ. ಬಾಗಿಲು ಹಾಕಿ, ಕೈ ತೊಳೆದು, ಮೊದಲ ಹೆಜ್ಜೆಯಿಂದ ಶುರು ಮಾಡಿದೆ. ಹೊರಳಿಸಿದೆ. ದಿಂಬು ಇಟ್ಟೆ. ಗೋಡೆ ಕಡೆಗೆ ಮಾಡಿದ್ದೆ, ಆಮೇಲೆ ಬಾಗಿಲ ಕಡೆಗೆ ತಿರುಗಿಸಿದೆ. ಬೆಲ್ಲು ಕೈಯಲ್ಲಿಟ್ಟೆ. ಬಿಟ್ಟ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ.

ಎಷ್ಟು ಹೊತ್ತು ನಿಂತಿದ್ದೆನೋ.

ಅವ್ವ, ಡೈರಿಗೆ ಹಾಲು ಹಾಕಿ ಬರ್ತೀನಿ ಅಂದೆ. ಇಪ್ಪತ್ತು ನಿಮಿಷ ಆಗುತ್ತೆ. ಮೂರು ಜನ ಮುಂದಿದ್ರೆ ಇಪ್ಪತ್ತೈದು. ಬಂದು ರಾಗಿ ಗಂಜಿ ಕಾಯಿಸ್ತೀನಿ. ಅಳಬೇಡ. ಬರ್ತೀನಿ.

ಧ್ವನಿ ನನ್ನದೇ ಅನ್ನಿಸಲಿಲ್ಲ. ಆದರೂ ಹೇಳಿದೆ. ಇನ್ನೊಂದು ಸಲ ಹೇಳಿದೆ. ಆಮೇಲೆ ಚಿಕ್ಕಮ್ಮನಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಮಂಚದ ಪಕ್ಕ ಕೂತು ಅತ್ತೆ. ಮಣ್ಣು ಮಾಡಿದ ದಿನ ಅತ್ತಿರಲಿಲ್ಲ.

ಕಣ್ಣು ಒರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ಕಾವ್ಯ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಕೈಯಲ್ಲಿ ಪೇಪರ್ ಸುತ್ತಿದ ಒಬ್ಬಟ್ಟು. ಯಾವಾಗಿನಿಂದ ನಿಂತಿದ್ದಳೋ. ಬಂದು ಪಕ್ಕದಲ್ಲಿ ಕೂತಳು. ಒಬ್ಬಟ್ಟು ಮುರಿದು ನನಗೆ ಕೊಟ್ಟಳು.

ತುಂಬ ಹೊತ್ತಾದ ಮೇಲೆ ಅಡವಿಯಪ್ಪನನ್ನು ತೋರಿಸಿ, "ಮಾವನಿಗೆ ಬೇಡ್ವಾ?" ಅಂದಳು.


ಆಗಸ್ಟ್ 13, ಬುಧವಾರ

ಏಕಾಂತಯ್ಯ ಡಿಸ್ಚಾರ್ಜ್.

ಈ ನಾಲ್ಕು ದಿನ ಎಲ್ಲಿಗೆ ಹೋದರೂ ಅವರಿಗೆ ಹೇಳಿ ಹೋದೆ. ಸ್ಯಾಂಪಲ್ ಕೊಡಲು ಲ್ಯಾಬಿಗೆ, ಎಂಟು ನಿಮಿಷ. ಊಟಕ್ಕೆ, ಇಪ್ಪತ್ತು ನಿಮಿಷ. ಅವರು ವಾಚು ಎದೆಯ ಮೇಲಿಟ್ಟುಕೊಂಡು ಕಾಯುವುದು. ಎರಡು ನಿಮಿಷ ಹೆಚ್ಚಾದರೆ, "ಗಾಡಿ ಲೇಟು! ಡಿಪೋ ಮ್ಯಾನೇಜರ್‌ಗೆ ಬರೀತೀನಿ" ಅನ್ನುವುದು. ಒಂದು ಸಲವೂ ಮಂಚ ಇಳಿಯಲು ಹೋಗಲಿಲ್ಲ.

ಮೊದಲನೇ ದಿನ ಧ್ವನಿ ನಡುಗಿತು. ನಾಲ್ಕನೇ ದಿನ ಹೇಳಿದ್ದೇ ನನಗೆ ಗೊತ್ತಾಗಲಿಲ್ಲ.

ವೀಲ್‌ಚೇರಿಗೆ ಕೂರಿಸಿ ಕೆಳಗೆ ಕರೆತಂದೆ. ಮಗ ಆಟೋ ತಂದಿದ್ದ. ಕೂತ ಮೇಲೆ ನನ್ನ ಕಡೆ ನೋಡಿದರು. "ಆಸ್ಪತ್ರೆಗೆ ಬರ್ತೀನಿ ಅನ್ಬಾರ್ದು. ನೀನೂ ಬನ್ನಿ ಅನ್ಬೇಡ."

"ಹೂಂ. ಮತ್ತೇನು ಅನ್ನಲಿ?"

ಆಟೋದ ಪಕ್ಕದ ಕಂಬಿಯನ್ನು ಉಂಗುರದಿಂದ ಎರಡು ಸಲ ತಟ್ಟಿದರು. "ರೈಟ್!"

ಡ್ರೈವರ್ ಹೊರಟೇಬಿಟ್ಟ.


ಆಗಸ್ಟ್ 22, ಶುಕ್ರವಾರ. ಸಂಜೆ 5

ಪ್ರಾಕ್ಟಿಕಲ್ ಮುಗಿಯಿತು. ನಡೆದದ್ದು ನಡೆದ ಹಾಗೇ ಬರೆಯುತ್ತೇನೆ.

ಪರೀಕ್ಷೆಗೆ ಬಂದವರು ಬೆಂಗಳೂರಿನವರು. ಕನ್ನಡಕ, ಕೈಯಲ್ಲಿ ಪ್ಯಾಡು, ನಗುವಿಲ್ಲ. ಮೇಡಂ ಮೂಲೆಯಲ್ಲಿ ಕೂತಿದ್ದರು, ಮಾತಾಡುವಂತಿಲ್ಲ. ನನ್ನ ಕೊನೆಯ ಸ್ಟೇಷನ್ ಅಡವಿಯಪ್ಪನದೇ. ಮಗ್ಗುಲು ಬದಲಿಸಿ ಬೆನ್ನು ನೋಡಿಕೊಳ್ಳುವುದು.

ಹೇಳಿ ಮುಟ್ಟಿದೆ. ಹೊರಳಿಸಿದೆ. ಒಂಬತ್ತಾಯಿತು. ಬೆಲ್ಲನ್ನು ಬೆರಳಿಗೆ ತಾಗಿಸಿ ಇಟ್ಟೆ.

"ಬಟ್ಟೆ ತರೋಕೆ ಹೋಗ್ತಿದ್ದೀನಿ. ಹತ್ತು ನಿಮಿಷದಲ್ಲಿ ಬರ್ತೀನಿ. ಏನಾದ್ರೂ ಬೇಕಾದ್ರೆ ಇದನ್ನ ಒತ್ತಿ."

ಮೂಲೆಯಲ್ಲಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಹೊರಗೆ ಬಂದೆ.

ಹೊರಗೆ ಎಲ್ಲರೂ ಮುತ್ತಿದರು. ಏನು ಕೇಳಿದ್ರು, ಹೆಂಗಿತ್ತು. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷವಾಯಿತು. ಕಾಲು ತಾನಾಗಿ ಹೊರಟಿತು. ಬಾಗಿಲು ತಳ್ಳಿ ಒಳಗೆ ಹೋದೆ.

ಒಳಗೆ ಕಾವ್ಯನ ಪರೀಕ್ಷೆ ನಡೆಯುತ್ತಿತ್ತು. ಅಡವಿಯಪ್ಪನ ಬಾಯಿ ತೊಳೆಯುತ್ತಿದ್ದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ನಿಮ್ಮದು ಮುಗೀತಲ್ಲಮ್ಮ?" ಅಂದರು ಪರೀಕ್ಷೆಯವರು.

"ಹೌದು ಸಾರ್."

"ಮತ್ತೆ ಯಾಕೆ ಬಂದ್ರಿ?"

ಮುಖ ಬಿಸಿಯಾಯಿತು. "ಹತ್ತು ನಿಮಿಷದಲ್ಲಿ ಬರ್ತೀನಿ ಅಂದಿದ್ದೆ ಸಾರ್."

ಕಾವ್ಯ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು, ಕೈಯಲ್ಲಿದ್ದ ಬಟ್ಟಲು ಅಲ್ಲಾಡುತ್ತಿತ್ತು. ಪರೀಕ್ಷೆಯವರು ಪ್ಯಾಡಿನ ಮೇಲೆ ಏನೋ ಬರೆದರು. ಬರೆದು ಮುಗಿಸಿ, "ಬಟ್ಟೆ ತರ್ಲಿಲ್ವಲ್ಲ?" ಅಂದರು.

ಆಗಲೇ ಮೊದಲ ಸಲ ಅವರು ನಕ್ಕದ್ದು.


ಆಗಸ್ಟ್ 30, ಶನಿವಾರ

ಪಾಸ್. ಕಾವ್ಯನೂ. ಇಬ್ಬರಿಗೂ ಕುಣಿಗಲ್. ಕಾವ್ಯ ಹುಲಿಯೂರುದುರ್ಗದಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಾಳಂತೆ, ನನಗೆ ನರ್ಸಿಂಗ್ ಹೋಮ್ ಹಿಂದೆಯೇ ರೂಮು.

ಊರಿಗೆ ಬಂದಿದ್ದೇನೆ. ಗಣೇಶನ ಹಬ್ಬದ ಕಡುಬು ಇನ್ನೂ ಮಿಕ್ಕಿದೆ. ಊಟಕ್ಕೆ ಕೂತಾಗ ಕಾಂತೇಶನಿಗೂ ಸುಶ್ಮಿತಾಳಿಗೂ ಹೇಳಿದೆ. ಅವತ್ತು ಅವ್ವನಿಗೆ ಹೇಳಿ ಹೋಗಿರಲಿಲ್ಲ ಅಂತ.

ಕಾಂತೇಶ ತಟ್ಟೆ ನೋಡುತ್ತಿದ್ದ. "ನಾನೂ ಹೇಳಿ ಹೋಗ್ತಿರ್ಲಿಲ್ಲ ಕಣಕ್ಕ" ಅಂದ. "ಹೇಳಿದ್ರೆ ಅಳ್ತಿತ್ತು."

ಸುಶ್ಮಿತಾ ಎದ್ದು ಇಬ್ಬರಿಗೂ ಇನ್ನೊಂದೊಂದು ಕಡುಬು ಹಾಕಿದಳು.


ಸೆಪ್ಟೆಂಬರ್ 17, ಬುಧವಾರ. ಮಧ್ಯಾಹ್ನ 1.20

ಎರಡು ವಾರದಿಂದ ಪೆನ್ನು ಹಿಡಿಯಲು ಪುರುಸೊತ್ತಿಲ್ಲ. ಇವತ್ತು ಊಟ ಬೇಗ ಮುಗಿಯಿತು.

ನಾಲ್ಕನೇ ಬೆಡ್ಡಿಗೆ ನಿನ್ನೆ ಸಿದ್ದಲಕ್ಷ್ಮಮ್ಮ ಬಂದಿದ್ದಾರೆ. ಎಂಬತ್ತು ದಾಟಿದೆ. ಸ್ಟ್ರೋಕು. ಬಲಗಡೆ ಇಲ್ಲ, ಮಾತೂ ಇಲ್ಲ. ಎಡಗೈ ಗಟ್ಟಿ. ನಮ್ಮ ಯೂನಿಫಾರಂಗೆ ಸೆರಗಿಲ್ಲ, ಅದಕ್ಕೆ ಕೊರಳಲ್ಲಿರುವ ಐ.ಡಿ. ಕಾರ್ಡ್ ಹಿಡಿದುಕೊಳ್ಳುತ್ತಾರೆ. ನಿನ್ನೆ ಮೂರು ಸಲ ನನ್ನ ಕತ್ತು ಬಗ್ಗಿತು. ಕಾವ್ಯ ದೂರದಿಂದ ನೋಡಿ, "ಅಜ್ಜಿ, ಅಕ್ಕನ ಹೆಸ್ರು ಓದ್ತಾ ಇದ್ದೀರಾ?" ಅಂತ ಚುಡಾಯಿಸಿದಳು.

ಊಟಕ್ಕೆ ಬರುವ ಮೊದಲು ಬಾಗಿಲ ಕಡೆಗೆ ಮಗ್ಗುಲು ಮಾಡಿದೆ. ಬೆಲ್ಲು ಕೊಟ್ಟೆ. ಊಟಕ್ಕೆ ಹೋಗ್ತೀನಿ ಅಜ್ಜಿ, ಹದಿನೈದು ನಿಮಿಷ, ಒಂದೂ ಇಪ್ಪತ್ತೈದಕ್ಕೆ ಬರ್ತೀನಿ ಅಂದೆ. ಕಾರ್ಡು ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಬೆರಳು ಬಿಡಿಸಲಿಲ್ಲ. ಗಡಿಯಾರ ತೋರಿಸಿ ಇನ್ನೊಮ್ಮೆ ಹೇಳಿದೆ. ಕಾದೆ. ಅತ್ತರು, ಅಳಲಿ ಅಂತ ನಿಂತೆ. ಆಮೇಲೆ ತಾವಾಗಿಯೇ ಬಿಟ್ಟರು, ಒಂದೊಂದೇ ಬೆರಳು.

ಅವ್ವನ ಕಡೆಯ ಹಾಳೆಗಳಿಗೂ ನನ್ನ ಹಾಳೆಗಳಿಗೂ ನಡುವೆ ಇನ್ನು ನಾಲ್ಕೇ ಖಾಲಿ ಉಳಿದಿವೆ. ಅದರ ಬಗ್ಗೆ ಏನೋ ಬರೆಯಬೇಕು ಅಂದುಕೊಂಡಿದ್ದೆ. ಮೊನ್ನೆ ಮೊದಲ ಸಲ ಆ ಕಡೆ ತಿರುವಿ ನೋಡಿದೆ. ಎರಡು ಗಂಟೆ ಎಡಕ್ಕೆ, ನಾಲ್ಕು ಗಂಟೆ ಬಲಕ್ಕೆ, ಆರು ಗಂಟೆ — ಒಂದೂ ಇಪ್ಪತ್ನಾಲ್ಕು ಆಯಿತು, ಅಜ್ಜಿ ಗಡಿಯಾರ ನೋಡುತ್ತಿರುತ್ತಾರೆ. ಹೊರಟೆ.